ಫೈನಲ್ ಫ್ಯಾಂಟಸಿ: ಯಾವ ನಂಬರಿನಿಂದ ಶುರು ಮಾಡಬೇಕು?

ಹದಿನಾರು ನಂಬರುಗಳ ಸಾಲು ಕಂಡ ಕೂಡಲೇ ಒಂದರಿಂದಲೇ ಹತ್ತಬೇಕೇನೋ ಅನ್ನಿಸುವುದು ಸಹಜ. ಫೈನಲ್ ಫ್ಯಾಂಟಸಿ ಎಂಬ ವಿಡಿಯೊ ಗೇಮ್ ಸರಣಿಯ ಮಟ್ಟಿಗೆ ಆ ಲೆಕ್ಕ ಬೇಡ. 1987ರ ಡಿಸೆಂಬರಿನಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ಹೊರತಂದ ಮೊದಲನೆಯ ಗೇಮಿನ ಕಥೆಗೂ 2023ರ ಹದಿನಾರನೆಯದರ ಕಥೆಗೂ ಸಂಬಂಧವೇ ಇಲ್ಲ. ನಂಬರು ಬದಲಾದರೆ ಲೋಕ ಬೇರೆ, ಜನ ಬೇರೆ, ಯುದ್ಧದ ನಿಯಮವೂ ಬೇರೆ. ಮತ್ತೆ ಮತ್ತೆ ಎದುರಾಗುವುದು ಸಣ್ಣಪುಟ್ಟ ಸಾಮಾನು ಮಾತ್ರ: ಚೊಕೊಬೊ ಎಂಬ ಸವಾರಿ ಹಕ್ಕಿ, ಸಿಡ್ ಎಂಬ ಹೆಸರಿನ ಯಾರೋ ಒಬ್ಬ, ಪೋಷನ್, ಫೀನಿಕ್ಸ್ ಡೌನ್, ಫೈರ್, ಫೈರಾ, ಫೈರಗಾ ಎಂದು ಜೋರಾಗುತ್ತ ಹೋಗುವ ಮಂತ್ರಗಳು. ಇವನ್ನು ಯಾವ ನಂಬರಿನಲ್ಲಿ ಮೊದಲು ಕಲಿತರೂ ಒಂದೇ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ "ಯಾವುದು ಶ್ರೇಷ್ಠ" ಅಲ್ಲ, "ಯಾವುದನ್ನು ನಾನು ಮುಗಿಸುತ್ತೇನೆ" ಎಂಬುದು. ಈ ಸರಣಿಯ ಗೇಮುಗಳು 20ರಿಂದ 60 ಗಂಟೆ ತಿನ್ನುತ್ತವೆ. ಮೊದಲು ಹಿಡಿದದ್ದನ್ನು ಅರ್ಧಕ್ಕೆ ಬಿಟ್ಟವರು ಇನ್ನೊಂದರ ಕಡೆ ತಲೆ ಹಾಕುವುದು ಅಪರೂಪ. ಹಾಸನ, ಚಿಕ್ಕಮಗಳೂರಿನ ಕಡೆ ಕೂತು ಆಡುವವರಿಗೆ ಇನ್ನೊಂದು ಲೆಕ್ಕವೂ ಸೇರುತ್ತದೆ: ಪುನರ್ವಸು, ಪುಷ್ಯ ಮಳೆ ಹಿಡಿದಾಗ ಮನೆಯೊಳಗೆ ಬೇಕಾದಷ್ಟು ಹೊತ್ತು ಇರುತ್ತದೆ, ಆದರೆ ಕರೆಂಟು ಮತ್ತು ನೆಟ್ಟು ಎರಡೂ ಇರುವುದಿಲ್ಲ. ಗೇಮ್ ಆರಿಸುವಾಗ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೈಯಲ್ಲಿರುವ ಯಂತ್ರ

ಫೋನ್ ಮಾತ್ರ ಇದ್ದರೆ ಒಂದರಿಂದ ಆರರವರೆಗಿನ "ಪಿಕ್ಸೆಲ್ ರಿಮಾಸ್ಟರ್" ಆವೃತ್ತಿಗಳು ನಿಮ್ಮವು. ಹಳೆಯ ಚುಕ್ಕಿಚಿತ್ರದ ರೂಪವನ್ನೇ ಹೊಸದಾಗಿ ತಿದ್ದಿದವು ಇವು. 2021-22ರಲ್ಲಿ ಫೋನ್ ಮತ್ತು ಸ್ಟೀಮಿಗೆ (ಪಿಸಿ ಗೇಮುಗಳ ಆನ್‌ಲೈನ್ ಅಂಗಡಿ) ಬಂದವು, 2023ರಲ್ಲಿ ಸ್ವಿಚ್ ಮತ್ತು ಪಿಎಸ್4 ಎಂಬ ಗೇಮ್ ಯಂತ್ರಗಳಿಗೆ. ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಜಾಹೀರಾತಿಲ್ಲ, ಒಳಗೆ ಮತ್ತೆ ಕೊಳ್ಳುವುದಿಲ್ಲ, ನೆಟ್ ಇಲ್ಲದೆಯೂ ನಡೆಯುತ್ತವೆ. ಗಾತ್ರವೂ ಚಿಕ್ಕದು.

ಕೊಳ್ಳುವಾಗ ಒಂದು ಎಡವಟ್ಟು ಬಹಳ ಜನರಿಗೆ ಆಗುತ್ತದೆ. ಪ್ಲೇ ಸ್ಟೋರಿನಲ್ಲೂ ಸ್ಟೀಮಿನಲ್ಲೂ ಮೂರು ಮತ್ತು ನಾಲ್ಕನೆಯ ಗೇಮುಗಳು ಎರಡೆರಡು ರೂಪದಲ್ಲಿ ಕೂತಿವೆ. ಒಂದು ಪಿಕ್ಸೆಲ್ ರಿಮಾಸ್ಟರ್, ಇನ್ನೊಂದು 3ಡಿ ರಿಮೇಕ್. 3ಡಿಯವು ಮೂಲತಃ 2006-07ರಲ್ಲಿ ನಿಂಟೆಂಡೊ ಡಿಎಸ್‌ಗೆ ಮಾಡಿದವು, ನಾಲ್ಕನೆಯದಂತೂ ಬೇಕೆಂದೇ ಕಷ್ಟ ಮಾಡಿಟ್ಟದ್ದು. ಚಿತ್ರದಲ್ಲಿ ಗೊಂಬೆಯಂಥ ಉಬ್ಬು ಮುಖಗಳು ಕಂಡರೆ ಅದು 3ಡಿ. ಚುಕ್ಕಿ ಚುಕ್ಕಿಯ ಚಿಕ್ಕ ಆಕೃತಿಗಳಿದ್ದರೆ ನಿಮಗೆ ಬೇಕಾದದ್ದು. ಆರೂ ಸೇರಿದ ಬಂಡಲ್ ಅಗ್ಗ ಅನ್ನಿಸಿದರೂ ಮೊದಲಿಗೆ ಒಂದನ್ನೇ ಕೊಳ್ಳಿ. ಬಂಡಲ್ ಕೊಂಡವರು ಆರನ್ನೂ ತಲಾ ಅರ್ಧ ಗಂಟೆ ತೆರೆದು ನೋಡಿ ಸುಮ್ಮನಾಗುತ್ತಾರೆ.

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಕಾಲೇಜು ಮಕ್ಕಳ ಕೈಯಲ್ಲಿರುವಂಥ ಸಾದಾ ಲ್ಯಾಪ್‌ಟಾಪಿನಲ್ಲಿ ಹತ್ತರವರೆಗೂ ಹೋಗಬಹುದು. ಹತ್ತನೆಯದು ತಡವರಿಸಿದರೆ ರೆಸಲ್ಯೂಶನ್ನನ್ನು 720ಕ್ಕೆ ಇಳಿಸಿ; ಆ ಆಯ್ಕೆ ಗೇಮಿನ ಒಳಗೆ ಸಿಗುವುದಿಲ್ಲ, ಗೇಮಿಗೆ ಮುಂಚೆ ತೆರೆಯುವ ಲಾಂಚರಿನಲ್ಲಿದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಹನ್ನೆರಡು, ಹದಿಮೂರು ಸಹ ಸಲೀಸು. ಹದಿನೈದು, ಹದಿನಾರು, ಏಳರ ರಿಮೇಕ್ ಇವೆಲ್ಲ ಬೇರೆ ಮಟ್ಟದ ಯಂತ್ರ ಕೇಳುತ್ತವೆ.

ಸ್ಟೀಮಿನಲ್ಲಿ ಕೊಂಡರೆ ಒಂದು ಅನುಕೂಲವಿದೆ: ಕೊಂಡು 14 ದಿನದೊಳಗೆ, ಆಡಿದ ಹೊತ್ತು 2 ಗಂಟೆ ಮೀರದಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲಿ ಮೊದಲ ಅರ್ಧ ಗಂಟೆಯನ್ನು ಕಥೆಗಲ್ಲ, ಪರೀಕ್ಷೆಗೆ ಇಡಿ. ಒಂದು ಯುದ್ಧ ಮಾಡಿ ನೋಡಿ, ವಿಡಿಯೊ ದೃಶ್ಯದಲ್ಲಿ ಧ್ವನಿ ಹಿಂದೆ ಬೀಳುತ್ತದಾ ಗಮನಿಸಿ, ಕಂಟ್ರೋಲರಿನ ಎಲ್ಲ ಬಟನ್ ಒತ್ತಿ, ಸೇವ್ ಮಾಡಿ ಹೊರಬಂದು ಮತ್ತೆ ತೆರೆಯಿರಿ. ಲಾಂಚರ್ ತೆರೆದಿಟ್ಟು ಊಟಕ್ಕೆ ಹೋದರೆ ಆ ಹೊತ್ತೂ ಎಣಿಕೆಗೆ ಸೇರುತ್ತದೆ, ಮರೆಯಬೇಡಿ.

ನೆಟ್ಟು, ಕರೆಂಟು

ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಗೇಮ್ ಇಳಿಸುವವರು ಈ ಲೆಕ್ಕ ನೋಡಿ. ಹದಿನಾರನೆಯದಕ್ಕೆ ಸ್ಟೀಮ್ ಕೇಳುವ ಜಾಗ 170 ಜಿಬಿ. ದಿನದ ಪ್ಯಾಕ್ ಪೂರ್ತಿ ಅದಕ್ಕೇ ಸುರಿದರೂ ಎರಡೂವರೆ ತಿಂಗಳು ಮೀರುತ್ತದೆ. ಹತ್ತನೆಯದು ಸುಮಾರು 40 ಜಿಬಿ, ಹತ್ತಿರ ಹತ್ತಿರ 20 ದಿನ. ಪಿಕ್ಸೆಲ್ ರಿಮಾಸ್ಟರ್ ಒಂದೆರಡು ದಿನದಲ್ಲಿ ಇಳಿಯುತ್ತದೆ.

ದೊಡ್ಡದೇ ಬೇಕೆಂದರೆ ಹಾಸನದಲ್ಲೋ ಚಿಕ್ಕಮಗಳೂರು ಪೇಟೆಯಲ್ಲೋ ಫೈಬರ್ ಇರುವ ಮನೆಯಲ್ಲಿ ಇಳಿಸಿ, ಡಿಸ್ಕಿನಲ್ಲಿ ಮೂಡಿಗೆರೆಗೋ ಸಕಲೇಶಪುರಕ್ಕೋ ಒಯ್ಯಿರಿ. ಸ್ಟೀಮಿನಲ್ಲಿ ಅದಕ್ಕೆ ದಾರಿಯಿದೆ. ಲೈಬ್ರರಿಯಲ್ಲಿ ಗೇಮಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿ ಇನ್‌ಸ್ಟಾಲ್ಡ್ ಫೈಲ್ಸ್, ಅದರಲ್ಲಿ ಬ್ಯಾಕಪ್. ಮನೆಗೆ ಬಂದು ನಿಮ್ಮ ಯಂತ್ರದಲ್ಲಿ ಅದೇ ಅಕೌಂಟಿನಿಂದ ಸ್ಟೀಮ್ ತೆರೆದು, ಮೇಲಿನ ಸ್ಟೀಮ್ ಮೆನುವಿನಲ್ಲಿ ರಿಸ್ಟೋರ್ ಒತ್ತಿ ಆ ಫೋಲ್ಡರ್ ತೋರಿಸಿ. ಮುಗಿಯುವಾಗ ಅಪ್‌ಡೇಟ್ ಇದೆಯಾ ಎಂದು ಸ್ವಲ್ಪ ನೆಟ್ ಕೇಳುತ್ತದೆ, ಅಷ್ಟಕ್ಕೆ ಫೋನಿನ ಹಾಟ್‌ಸ್ಪಾಟ್ ಸಾಕು. ಬ್ಯಾಕಪ್ ಬಿಟ್ಟು ಗೇಮಿನ ಫೋಲ್ಡರನ್ನೇ ನೇರ ಕಾಪಿ ಮಾಡುವವರು ಪೆನ್‌ಡ್ರೈವ್ ಫ್ಯಾಟ್32 ಆಗಿದೆಯಾ ನೋಡಿಕೊಳ್ಳಿ. ಅದರಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಕೂರುವುದಿಲ್ಲ. ಡ್ರೈವಿನಲ್ಲಿ 50 ಜಿಬಿ ಖಾಲಿ ಇದ್ದರೂ "ಫೈಲ್ ತೀರ ದೊಡ್ಡದು" ಎನ್ನುತ್ತದೆ. ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಇಬ್ಬರ ಲ್ಯಾಪ್‌ಟಾಪೂ ಒಂದೇ ವೈಫೈನಲ್ಲಿದ್ದರೆ ಡಿಸ್ಕೇ ಬೇಡ: 2023ರಿಂದ ಸ್ಟೀಮ್ ಒಂದೇ ಮನೆಯ ನೆಟ್‌ವರ್ಕಿನಲ್ಲಿ ಒಂದು ಪಿಸಿಯಿಂದ ಇನ್ನೊಂದಕ್ಕೆ ಗೇಮ್ ದಾಟಿಸುತ್ತದೆ, ಡೌನ್‌ಲೋಡ್ ಸೆಟ್ಟಿಂಗಿನಲ್ಲಿ ಆನ್ ಮಾಡಿಕೊಳ್ಳಬೇಕು.

ಮಳೆಗಾಲಕ್ಕೆ ಮುಂಚೆ ಮಾಡಬೇಕಾದ ಇನ್ನೊಂದು ಕೆಲಸ: ನೆಟ್ ಇದ್ದಾಗಲೇ ಗೇಮನ್ನು ಒಮ್ಮೆ ತೆರೆದು ಶೀರ್ಷಿಕೆ ಪರದೆವರೆಗೆ ಹೋಗಿ ಬನ್ನಿ. ಆಮೇಲೆ ಸ್ಟೀಮಿನ ಆಫ್‌ಲೈನ್ ಮೋಡಿಗೆ ಹೋಗಿ. ಒಮ್ಮೆಯೂ ತೆರೆಯದ ಗೇಮ್ ಆಫ್‌ಲೈನಿನಲ್ಲಿ ಮುಷ್ಕರ ಹೂಡುವುದುಂಟು. ನೆಟ್ ಮರಳಿದಾಗ "ನಿಮ್ಮ ಯಂತ್ರದ ಸೇವ್ ಬೇರೆ, ಕ್ಲೌಡಿನ ಸೇವ್ ಬೇರೆ, ಯಾವುದು ಬೇಕು" ಎಂದು ಸ್ಟೀಮ್ ಕೇಳಿದರೆ ಅವಸರದಲ್ಲಿ ಒತ್ತಬೇಡಿ. ಎರಡರ ಪಕ್ಕದಲ್ಲೂ ತಾರೀಕು, ಸಮಯ ಇರುತ್ತದೆ. ಹೊಸದನ್ನೇ ಇಟ್ಟುಕೊಳ್ಳಿ. ವಾರಗಟ್ಟಲೆ ಆಡಿದ್ದು ಹಾಳಾಗುವುದು ಹೆಚ್ಚಾಗಿ ಇಲ್ಲೇ, ಕರೆಂಟು ಹೋದಾಗ ಅಲ್ಲ.

ಕರೆಂಟಿನ ವಿಷಯಕ್ಕೆ ಬಂದರೆ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇರುವವರು ಸೇವ್ ಹೇಗಾಗುತ್ತದೆ ಎಂದು ನೋಡಿಯೇ ಗೇಮ್ ಆರಿಸಬೇಕು. ಪಿಕ್ಸೆಲ್ ರಿಮಾಸ್ಟರುಗಳಲ್ಲಿ ಜಾಗ ಬದಲಾದಾಗ ತಾನಾಗಿ ಸೇವ್ ಆಗುತ್ತದೆ, ಯುದ್ಧದ ಹೊರಗೆ ಎಲ್ಲಿ ಬೇಕಾದರೂ ಕ್ವಿಕ್ ಸೇವ್ ಒತ್ತಬಹುದು. ಹತ್ತನೆಯದರ ಪಿಸಿ ಆವೃತ್ತಿಯಲ್ಲೂ ಆಟೊಸೇವ್ ಇದೆ. ಹಳೆಯ ಏಳನೆಯದು ಆ ಕಾಲದ್ದೇ ಪದ್ಧತಿಯಲ್ಲಿದೆ: ಸೇವ್ ಪಾಯಿಂಟು ಸಿಗಬೇಕು, ಇಲ್ಲವೇ ಊರಾಚೆಯ ಭೂಪಟಕ್ಕೆ ಬರಬೇಕು. ಗುಡುಗು ಶುರುವಾದ ಮೇಲೆ ಅದನ್ನು ತೆರೆಯದಿರುವುದೇ ವಾಸಿ.

ಇಂಗ್ಲಿಷ್ ಎಷ್ಟು ಓದಬೇಕು?

ಕನ್ನಡದಲ್ಲಿ ಯಾವುದೂ ಇಲ್ಲ. ಒಂದರಿಂದ ಒಂಬತ್ತರವರೆಗೆ ಮಾತೆಲ್ಲ ಓದುವುದೇ, ಧ್ವನಿ ಬಂದದ್ದು 2001ರ ಹತ್ತನೆಯದರಿಂದ. ಇಂಗ್ಲಿಷ್ ಓದು ನಿಧಾನವಿರುವ ಹೈಸ್ಕೂಲ್ ಮಕ್ಕಳಿಗೆ ಹತ್ತು ಸಲೀಸು, ಏಕೆಂದರೆ ಕಿವಿಗೂ ಬೀಳುತ್ತದೆ, ಕೆಳಗೆ ಅಕ್ಷರವೂ ಬರುತ್ತದೆ. ನಾಲ್ಕನೆಯದರ ವಾಕ್ಯಗಳು ಚಿಕ್ಕವು. ಒಂದನೆಯದರಲ್ಲಿ ಮಾತೇ ಕಡಿಮೆ. ಹನ್ನೆರಡನೆಯದರ ಇಂಗ್ಲಿಷ್ ಹಳೆಯ ರಾಜಾಸ್ಥಾನದ ಧಾಟಿಯದು, ಡಿಗ್ರಿ ಓದಿದವರೂ ಅಲ್ಲಲ್ಲಿ ನಿಂತು ಯೋಚಿಸುವಂಥದ್ದು.

ಫೋನಾದರೆ ನಾಲ್ಕು

ನಮ್ಮ ಉತ್ತರ ಇದು: ಫೋನು ಅಥವಾ ತೀರ ಹಳೆಯ ಯಂತ್ರವಾದರೆ ನಾಲ್ಕನೆಯದು, ಲ್ಯಾಪ್‌ಟಾಪ್ ಅಥವಾ ಪಿಎಸ್4 ಇದ್ದರೆ ಹತ್ತನೆಯದು. ಹೆಚ್ಚಿನವರು ಆರು ಅಥವಾ ಏಳು ಎನ್ನುತ್ತಾರೆ. ಅವು ದೊಡ್ಡ ಗೇಮುಗಳೇ, ಆದರೆ ಎರಡನೆಯ ಸರದಿಗೆ.

1991ರ ನಾಲ್ಕನೆಯದು 20 ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಯಾರನ್ನು ಯಾವ ಕಸುಬಿಗೆ ಹಾಕಬೇಕು ಎಂಬ ತಲೆನೋವಿಲ್ಲ. ಸೆಸಿಲ್ ಕತ್ತಿಯವನು, ರೋಸಾ ಗುಣಪಡಿಸುವವಳು, ರಿಡಿಯಾ ಮಂತ್ರದವಳು, ಎಲ್ಲ ಗೊತ್ತುಪಡಿಸಿದ್ದು. ಕಥೆ ಎಲ್ಲೂ ನಿಲ್ಲದೆ ತಳ್ಳಿಕೊಂಡು ಹೋಗುತ್ತದೆ. ಸರಣಿಯಲ್ಲಿ ಮುಂದೆ ಒಂಬತ್ತರವರೆಗೂ ನಡೆದ ಎಟಿಬಿ ಎಂಬ ಯುದ್ಧಪದ್ಧತಿ ಹುಟ್ಟಿದ್ದೂ ಇದರಲ್ಲೇ. ಎಟಿಬಿ ಅಂದರೆ ಸರದಿಗಾಗಿ ಯಾರೂ ಕಾಯುವುದಿಲ್ಲ: ಪ್ರತಿಯೊಬ್ಬರ ಸಮಯ ಬೇರೆ ಬೇರೆ ತುಂಬುತ್ತದೆ, ನೀವು ಯೋಚಿಸುತ್ತ ಕೂತರೆ ಶತ್ರು ಹೊಡೆಯುತ್ತಾನೆ.

ಅದಕ್ಕೇ ಮೊದಲ ಕೆಲಸ ಕಾನ್ಫಿಗ್ ತೆರೆದು ಯುದ್ಧದ ಮೋಡನ್ನು "ಆ್ಯಕ್ಟಿವ್"ನಿಂದ "ವೇಟ್"ಗೆ ಬದಲಿಸುವುದು. ವೇಟಿನಲ್ಲಿ ಮಂತ್ರ, ಸಾಮಾನಿನ ಪಟ್ಟಿ ತೆರೆದಿರುವಷ್ಟು ಹೊತ್ತು ಕಾಲ ನಿಲ್ಲುತ್ತದೆ. ಟಚ್ ಪರದೆಯಲ್ಲಿ ಪಟ್ಟಿ ಜಾರಿಸುವವರಿಗೆ ಇದಿಲ್ಲದೆ ಕಷ್ಟ.

ಎರಡನೆಯ ಕೆಲಸ ಅದೇ ಮೆನುವಿನ ಬೂಸ್ಟ್ ನೋಡುವುದು. ಅನುಭವಾಂಕವನ್ನು 0ರಿಂದ 4 ಪಟ್ಟಿನವರೆಗೆ ಬದಲಿಸಬಹುದು, ದಾರಿಯಲ್ಲಿ ಎದುರಾಗುವ ಶತ್ರುಗಳನ್ನು ಪೂರ್ತಿ ನಿಲ್ಲಿಸಬಹುದು. ಮೊದಲ ಆಟಕ್ಕೆ 1 ಪಟ್ಟಿನಲ್ಲೇ ಇಟ್ಟು, ಎಲ್ಲಾದರೂ ಸಿಕ್ಕಿಕೊಂಡರೆ 2ಕ್ಕೆ ಏರಿಸಿ. ಶತ್ರುಗಳನ್ನು ನಿಲ್ಲಿಸುವುದನ್ನು ಗುಹೆಯಿಂದ ವಾಪಸ್ ಬರುವಾಗ ಮಾತ್ರ ಬಳಸಿ. ಹೋಗುವಾಗಲೇ ನಿಲ್ಲಿಸಿದವರು ಕೊನೆಯ ಬಾಸಿನ (ದಾರಿ ಕಾಯುವ ದೊಡ್ಡ ಶತ್ರು) ಮುಂದೆ ಕಡಿಮೆ ಲೆವೆಲಿನಲ್ಲಿ ನಿಂತು, ಗೇಮ್ ಕಷ್ಟ ಎಂದು ಬೈಯುತ್ತಾರೆ. ಭೂಪಟದಲ್ಲಿ ಪ್ರತಿ ಜಾಗದ ನಿಧಿ ಪೆಟ್ಟಿಗೆಗಳ ಎಣಿಕೆ ಇರುತ್ತದೆ. ಗುಹೆ ಬಿಡುವ ಮುನ್ನ ಒಮ್ಮೆ ನೋಡಿ.

ಮೊದಲ ಬಾಸೇ ಪಾಠ. ಮಂಜಿನ ಗುಹೆಯ ಕೊನೆಯಲ್ಲಿ ಮಿಸ್ಟ್ ಡ್ರ್ಯಾಗನ್ ಬರುತ್ತದೆ. ಸ್ವಲ್ಪ ಹೊತ್ತು ಹಾವಿನಂತೆ ಕಾಣುತ್ತದೆ, ಆಮೇಲೆ ಹೊಗೆಯಾಗುತ್ತದೆ. ಹೊಗೆಯಾಗಿರುವಾಗ ಹೊಡೆದರೆ ಏಟು ತಾಗುವುದಿಲ್ಲ, ಬದಲಿಗೆ ಎಲ್ಲರ ಮೇಲೂ ತಣ್ಣನೆಯ ಮಂಜು ಸುರಿಯುತ್ತದೆ. ಆಟೊ ಯುದ್ಧ ಆನ್ ಇಟ್ಟವರು ಇಲ್ಲೇ ಸಾಯುವುದು. ಆಟೊ ನಿಲ್ಲಿಸಿ, ಹೊಗೆ ಕಂಡಾಗ ಪೋಷನ್ ಕುಡಿಸಿ, ದೇಹ ಕಂಡಾಗ ಹೊಡೆಯಿರಿ. "ಶತ್ರು ರೂಪ ಬದಲಿಸಿದರೆ ಕೈ ತಡೆ" ಎಂಬ ಈ ನಿಯಮ ಇಡೀ ಸರಣಿಗೆ ಸಲ್ಲುತ್ತದೆ.

ಇನ್ನೊಂದು ಕಡೆ ಜನ ಸಿಕ್ಕಿಕೊಳ್ಳುವುದು ಮೌಂಟ್ ಆರ್ಡೀಲ್ಸ್ ಬೆಟ್ಟದಲ್ಲಿ. ಅಲ್ಲಿರುವವು ಸತ್ತೆದ್ದ ಶವಗಳು, ಸೆಸಿಲನ ಕಪ್ಪು ಕತ್ತಿ ಅವಕ್ಕೆ ಲೆಕ್ಕಕ್ಕಿಲ್ಲ. ಬೆಂಕಿ ಮಂತ್ರ ಹಾಕಿ, ಇಲ್ಲವೇ ಗುಣಪಡಿಸುವ ಕ್ಯೂರ್ ಮಂತ್ರವನ್ನೇ ಅವುಗಳ ಮೇಲೆ ಪ್ರಯೋಗಿಸಿ, ಅದು ಅವುಗಳಿಗೆ ಏಟು. ಬೆಟ್ಟದ ತುದಿಯಲ್ಲಿ ಸೆಸಿಲ್ ತನ್ನದೇ ಪ್ರತಿರೂಪದ ಎದುರು ಒಬ್ಬನೇ ನಿಲ್ಲುತ್ತಾನೆ. ಅಲ್ಲಿ ಹೊಡೆಯಬೇಡಿ, ತಡೆದುಕೊಂಡು ನಿಂತರೆ ಯುದ್ಧ ತಾನೇ ಮುಗಿಯುತ್ತದೆ. ಆಮೇಲೆ ಅವನ ಲೆವೆಲ್ 1ಕ್ಕೆ ಇಳಿದದ್ದು ಕಂಡು ಹೌಹಾರಬೇಡಿ. ಅದು ಕಥೆಯೇ, ನಾಲ್ಕೈದು ಯುದ್ಧದಲ್ಲಿ ಸರಸರ ಏರುತ್ತಾನೆ.

ಫೋನಿನ ಸೇವ್ ಪಿಸಿಗೆ ಬರುವುದಿಲ್ಲ ಎಂಬುದೂ ನೆನಪಿರಲಿ. ಮುಂದೆ ಲ್ಯಾಪ್‌ಟಾಪ್ ಕೊಳ್ಳುವ ಅಂದಾಜಿದ್ದರೆ ಫೋನಿನಲ್ಲೇ ಮುಗಿಸಿ ದಾಟಿ. ಫೋನಿನಲ್ಲಿ ಜಾಗ ಸಾಲದೆಂದು ಗೇಮ್ ಅಳಿಸಿದರೆ ಸೇವ್ ಕೂಡ ಹೋಗುತ್ತದೆಂದೇ ತಿಳಿಯಿರಿ.

ಲ್ಯಾಪ್‌ಟಾಪಾದರೆ ಹತ್ತು

ಹತ್ತನೆಯದರಲ್ಲಿ ಎಟಿಬಿ ಇಲ್ಲ. ನಿಮ್ಮ ಸರದಿ ಬಂದಾಗ ನೀವು ಎದ್ದು ಹೋಗಿ ಕಾಫಿ ಸೋಸಿಕೊಂಡು ಬಂದರೂ ಶತ್ರು ಕಾಯುತ್ತದೆ. ಮುಂದೆ ಯಾರ ಸರದಿ, ಆಮೇಲೆ ಯಾರದ್ದು ಎಂಬ ಸಾಲು ಪರದೆಯ ಬಲಮೇಲಿನ ಮೂಲೆಯಲ್ಲಿ ಕಾಣುತ್ತದೆ. ಹೊಸಬರಿಗೆ ಯುದ್ಧ ಅರ್ಥವಾಗಲು ಇದಕ್ಕಿಂತ ಒಳ್ಳೆಯದು ಸರಣಿಯಲ್ಲಿ ಬೇರೆ ಇಲ್ಲ. ದಾರಿಯೂ ಅಷ್ಟೇ ಸುಲಭ. ಚಾರ್ಮಾಡಿ ಘಾಟಿಯಂತೆ ತಿರುವು ಬೇಕಾದಷ್ಟಿವೆ, ಕವಲಿಲ್ಲ. ಹಳಬರು ಇದನ್ನೇ ದೋಷ ಎನ್ನುತ್ತಾರೆ. ಮೊದಲ ಸಲ ಆಡುವವರಿಗೆ ಅದು ವರ. ಕಥೆ ಮಾತ್ರ ಮುಗಿಸಲು 45 ಗಂಟೆಯಷ್ಟು ಬೇಕು.

ಶುರುವಿನಲ್ಲೇ ಸ್ಫಿಯರ್ ಗ್ರಿಡ್ (ಪಾತ್ರಗಳ ಬಲ ಬೆಳೆಸುವ ನಕ್ಷೆ) ಸ್ಟ್ಯಾಂಡರ್ಡಾ ಎಕ್ಸ್‌ಪರ್ಟಾ ಎಂದು ಕೇಳುತ್ತದೆ. ಸ್ಟ್ಯಾಂಡರ್ಡ್ ಒತ್ತಿ. ಎಕ್ಸ್‌ಪರ್ಟಿನಲ್ಲಿ ಎಲ್ಲರೂ ಮಧ್ಯದಿಂದ ಹೊರಟು ಯಾವ ದಾರಿಯಾದರೂ ಹಿಡಿಯಬಹುದು, ಹೊಸಬರು ಅಲ್ಲಿ ಎಲ್ಲರನ್ನೂ ಅರೆಬೆಂದವರಾಗಿ ಮಾಡಿಡುತ್ತಾರೆ. ಇಲ್ಲಿ ಲೆವೆಲ್ ತಾನಾಗಿ ಏರುವುದಿಲ್ಲ. ಯುದ್ಧದಿಂದ ಬಂದ ಅಂಕವನ್ನು ಗ್ರಿಡ್ ತೆರೆದು ನೀವೇ ಖರ್ಚು ಮಾಡಬೇಕು. ಇದನ್ನು ಮರೆತು ಮೂರ್ನಾಲ್ಕು ಗಂಟೆ ಹಾಗೇ ನಡೆದವರು ಬಹಳ. ಪ್ರತಿ ಸೇವ್ ಸ್ಫಿಯರ್ ಬಳಿ ಒಮ್ಮೆ ಗ್ರಿಡ್ ತೆರೆಯುವ ರೂಢಿ ಮಾಡಿಕೊಳ್ಳಿ.

ಅಂಕ ಸಿಗುವುದು ಆ ಯುದ್ಧದಲ್ಲಿ ಒಂದು ಸರದಿಯಾದರೂ ಆಡಿದವರಿಗೆ ಮಾತ್ರ. ಕಣದಲ್ಲಿ ಮೂವರೇ ಇದ್ದರೂ ಕಂಟ್ರೋಲರಿನ ಎಲ್1 ಬಟನ್ ಒತ್ತಿ ಯಾರನ್ನು ಬೇಕಾದರೂ ನಡುವೆಯೇ ಬದಲಿಸಬಹುದು, ಬದಲಿಸಿದ್ದಕ್ಕೆ ಸರದಿ ಖರ್ಚಾಗುವುದಿಲ್ಲ. ಆದ್ದರಿಂದ ಕೊನೆಯ ಶತ್ರುವನ್ನು ಕೊಲ್ಲುವ ಮುನ್ನ ಉಳಿದವರನ್ನು ಒಬ್ಬೊಬ್ಬರಾಗಿ ಒಳಕ್ಕೆ ತಂದು ಒಂದು ಡಿಫೆಂಡ್ ಒತ್ತಿಸಿ. ಯಾರು ಯಾರಿಗೆ ಎಂಬುದೂ ಗೊತ್ತುಪಡಿಸಿದ್ದು: ಚುರುಕಾಗಿ ತಪ್ಪಿಸಿಕೊಳ್ಳುವ ತೋಳದಂಥವಕ್ಕೆ ಟೀಡಸ್, ಹಾರುವವಕ್ಕೆ ವಕ್ಕಾ, ಗಟ್ಟಿ ಚಿಪ್ಪಿನವಕ್ಕೆ ಆರಾನ್, ಜೆಲ್ಲಿಯಂತೆ ಲೊಳಲೊಳ ಇರುವವಕ್ಕೆ ಲುಲುವಿನ ಮಂತ್ರ. ಯಂತ್ರಗಳು ಬಂದರೆ ರಿಕ್ಕು ಒಂದು ಸ್ಟೀಲ್ ಒತ್ತಿದರೆ ಸಾಕು, ಕಳಚಿ ಬೀಳುತ್ತವೆ.

ಬೆಸೈಡ್ ದೇವಾಲಯದ ಒಗಟಿನಲ್ಲಿ ಒಂದು ಕೆಲಸ ಬಿಡದೆ ಮಾಡಿ. ಅಲ್ಲಿ ಡಿಸ್ಟ್ರಕ್ಷನ್ ಸ್ಫಿಯರ್ ಎಂಬುದು ಸಿಗುತ್ತದೆ. ಅದನ್ನು ಉಪಯೋಗಿಸದೆಯೂ ಬಾಗಿಲು ದಾಟಬಹುದು, ಹೆಚ್ಚಿನವರು ದಾಟಿಬಿಡುತ್ತಾರೆ. ಅದನ್ನು ಸರಿಯಾದ ಗೂಡಿನಲ್ಲಿಟ್ಟರೆ ಗೋಡೆ ಒಡೆದು ಪೆಟ್ಟಿಗೆಯೊಂದು ಕಾಣುತ್ತದೆ, ಒಳಗೆ ರಾಡ್ ಆಫ್ ವಿಸ್ಡಮ್. ಕೋಲಿನದೇ ಅಂಥ ದೊಡ್ಡ ಬೆಲೆಯಲ್ಲ. ಆದರೆ ಇಂಥ ಪೆಟ್ಟಿಗೆಗಳನ್ನು ಎಲ್ಲ ದೇವಾಲಯಗಳಲ್ಲೂ ತೆಗೆದಿದ್ದರೆ ಮಾತ್ರ ಕೊನೆಯಲ್ಲಿ ಅನಿಮಾ ಎಂಬ ಬಲಿಷ್ಠ ಏಯಾನ್ (ಯೂನಾ ಯುದ್ಧಕ್ಕೆ ಕರೆಯುವ ದೈತ್ಯ ಜೀವಿ) ಸಿಗುತ್ತದೆ. ಈಗ ಮಾರಾಟದಲ್ಲಿರುವ ಎಚ್‌ಡಿ ಆವೃತ್ತಿಯಲ್ಲಿ, ವಿಮಾನ ಸಿಕ್ಕ ಮೇಲೆ ಬೆಸೈಡಿಗೆ ಮರಳಿದರೆ ಊರ ಬಾಗಿಲಿನಲ್ಲಿ ಡಾರ್ಕ್ ವಾಲೆಫೋರ್ ಅಡ್ಡ ನಿಲ್ಲುತ್ತದೆ, ಕಥೆಗೆ ಸಾಕಾಗುವ ಬಲ ಅದರ ಮುಂದೆ ಏನೇನೂ ಅಲ್ಲ.

ಕಿಲಿಕಾ ಕಾಡಿನಲ್ಲಿ ಲಾರ್ಡ್ ಓಚು ಎಂಬ ದೊಡ್ಡ ಗಿಡದಂಥದ್ದು ದಾರಿಯಲ್ಲಿದೆ. ಬಳಸಿ ಹೋಗಬಹುದು, ಹೋಗಿ. ಲೂಕಾದಲ್ಲಿ ಬ್ಲಿಟ್ಜ್‌ಬಾಲ್ ಪಂದ್ಯ ಸೋತರೂ ಕಥೆ ಮುಂದುವರಿಯುತ್ತದೆ, ಅದಕ್ಕಾಗಿ ಹತ್ತು ಸಲ ಲೋಡ್ ಮಾಡಬೇಡಿ.

ನಿಜವಾದ ಗೋಡೆ ಗಾಗಜೆಟ್ ಬೆಟ್ಟದ ಮೇಲಿನ ಸೇಮೂರ್ ಫ್ಲಕ್ಸ್ ಎಂಬ ಬಾಸ್. ಅಲ್ಲಿಯವರೆಗೆ ಸರಾಗವಾಗಿ ಬಂದವರು ಇಲ್ಲಿ ಒಂದೇ ಸಲಕ್ಕೆ ನೆಲ ಕಚ್ಚುತ್ತಾರೆ. ಕಾರಣ ಸರಳ: ಅವನು ಈಟಿಯಿಂದ ತಿವಿದು ಒಬ್ಬರನ್ನು ಜೊಂಬಿ ಮಾಡುತ್ತಾನೆ, ಜೊತೆಗಿರುವ ಯಂತ್ರ ಆ ಜೊಂಬಿಯ ಮೇಲೆ ಬದುಕಿಸುವ ಮಂತ್ರ ಹಾಕುತ್ತದೆ, ಜೊಂಬಿಗೆ ಅದೇ ಸಾವು. ಹೋಲಿ ವಾಟರ್ ಹತ್ತಾದರೂ ಕೊಂಡಿಟ್ಟುಕೊಂಡು ತಿವಿತ ಬಿದ್ದ ತಕ್ಷಣ ಹಾಕಿ. ಯೂನಾ ಕರೆಯುವ ಏಯಾನ್‌ಗಳನ್ನು ಅವನು ಒಂದೇ ಸರದಿಗೆ ಓಡಿಸಿಬಿಡುತ್ತಾನೆ. ಹಾಗಾಗಿ ಬೆಟ್ಟ ಹತ್ತುವಾಗಲೇ ಎಲ್ಲ ಏಯಾನ್‌ಗಳ ಓವರ್‌ಡ್ರೈವ್ (ತುಂಬಿದ ಮೇಲೆ ಸಿಗುವ ದೊಡ್ಡ ಹೊಡೆತ) ತುಂಬಿಸಿಕೊಂಡಿರಿ. ಒಂದೊಂದನ್ನೇ ಕರೆದು, ಬಂದ ಕೂಡಲೇ ಓವರ್‌ಡ್ರೈವ್ ಸಿಡಿಸಿ, ಹೋದರೆ ಹೋಗಲಿ, ಮುಂದಿನದನ್ನು ಕರೆಯಿರಿ.

ಕೀಬೋರ್ಡಿನಲ್ಲಿ ಇದನ್ನು ಆಡಬಹುದು, ಆದರೆ ಆರಾನ್‌ನ ಓವರ್‌ಡ್ರೈವಿಗೆ ಬಟನ್‌ಗಳ ಸಾಲನ್ನು ಸರಸರ ಒತ್ತಬೇಕಾದಾಗ ಬೆರಳು ತಡವರಿಸುತ್ತದೆ. ಸಾಧಾರಣ ಯುಎಸ್‌ಬಿ ಕಂಟ್ರೋಲರ್ ಒಂದಿರಲಿ. ದೃಶ್ಯಗಳನ್ನು ಹಾರಿಸಲು ಬರುವುದಿಲ್ಲ, ಬಾಸಿಗೆ ಸೋತರೆ ಮತ್ತೆ ಅದೇ ಮಾತು ಕೇಳಬೇಕು. ಪಿಸಿಯಲ್ಲಿರುವ 2 ಪಟ್ಟು, 4 ಪಟ್ಟು ವೇಗದ ಗುಂಡಿ ಅಂಥ ಹೊತ್ತಿಗೆ.

ಉಳಿದವು

ಒಂದನೆಯದು ಇತಿಹಾಸದ ಕುತೂಹಲಕ್ಕೆ ಸರಿ. ನಾಲ್ವರನ್ನು ನೀವೇ ಆರಿಸಬೇಕು: ವಾರಿಯರ್, ಮಾಂಕ್, ವೈಟ್ ಮೇಜ್, ಬ್ಲ್ಯಾಕ್ ಮೇಜ್ ಎಂದು ಇಟ್ಟರೆ ಕೊನೆಯವರೆಗೂ ತೊಂದರೆಯಿಲ್ಲ. ಮಾರ್ಷ್ ಕೇವಿಗೆ ಇಳಿಯುವ ಮುನ್ನ ವಿಷಕ್ಕೆ ಮದ್ದು ಹತ್ತಿಪ್ಪತ್ತು ಕೊಳ್ಳಿ, ಹೆಚ್ಚಿನವರು ಅಲ್ಲೇ ಬಿಡುವುದು. ಎರಡನೆಯದರಿಂದ ಶುರು ಮಾಡಲೇಬೇಡಿ. ಲೆವೆಲ್ಲೇ ಇಲ್ಲ, ಏಟು ತಿಂದಷ್ಟೂ ಪ್ರಾಣ ಬೆಳೆಯುತ್ತದೆ, ಕತ್ತಿ ಬೀಸಿದಷ್ಟೂ ಕತ್ತಿ ಕೈಗೆ ಬರುತ್ತದೆ. ಕೇಳಲು ಚೆಂದ, ಆಡುವಾಗ ತಮ್ಮವರನ್ನೇ ತಾವು ಹೊಡೆದುಕೊಂಡು ಪ್ರಾಣ ಬೆಳೆಸುವ ಜನ ಕಾಣುತ್ತಾರೆ.

ಲೆಕ್ಕಾಚಾರ ಇಷ್ಟಪಡುವವರಿಗೆ ಐದು. ಕಥೆ ಹಗುರ, ಆದರೆ ಕಸುಬು ಬದಲಿಸುತ್ತ, ಒಂದರಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಕೂಡಿಸುತ್ತ ಹೋಗುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಚೆಸ್, ಸುಡೊಕು ಹುಚ್ಚಿನವರಾದರೆ ನಾಲ್ಕರ ಬದಲು ಇದನ್ನೇ ಹಿಡಿಯಿರಿ.

1994ರ ಆರನೆಯದು ಹಳೆಯ ಆರರಲ್ಲಿ ಎಲ್ಲಕ್ಕಿಂತ ಮಿಗಿಲು ಎಂಬುದರಲ್ಲಿ ನಮಗೂ ಅನುಮಾನವಿಲ್ಲ. ಮೊದಲೇ ಬೇಡ ಎನ್ನುವುದು ಎರಡು ಕಾರಣಕ್ಕೆ. ಹದಿನಾಲ್ಕು ಜನರಿದ್ದಾರೆ, ಅರ್ಧದ ನಂತರ "ಎಲ್ಲಿಗೆ ಬೇಕಾದರೂ ಹೋಗು" ಎಂದು ಕೈಬಿಡುತ್ತದೆ, ಹೊಸಬರು ದಿಕ್ಕು ತಪ್ಪುತ್ತಾರೆ. ಇದನ್ನು ಆಡಿ ನಾಲ್ಕಕ್ಕೆ ಬಂದರೆ ನಾಲ್ಕು ಬಡವಾಗಿ ಕಾಣುತ್ತದೆ. ಆಡುವಾಗ ಫೀನಿಕ್ಸ್ ಡೌನ್ ಒಂದನ್ನು ಜೇಬಿನಲ್ಲಿಟ್ಟಿರಿ: ಸತ್ತವರನ್ನು ಎಬ್ಬಿಸುವ ಆ ಗರಿಯನ್ನು ಬಾಸಾಗಿ ಬರುವ ಪ್ರೇತ ರೈಲಿನ ಮೇಲೆ ಪ್ರಯೋಗಿಸಿದರೆ ರೈಲು ಒಂದೇ ಏಟಿಗೆ ಮುಗಿಯುತ್ತದೆ. ತೇಲುವ ಖಂಡದಿಂದ ತಪ್ಪಿಸಿಕೊಳ್ಳುವಾಗ ಗಡಿಯಾರ ಓಡುತ್ತಿರುತ್ತದೆ, "ಕಾಯುವೆ" ಎಂದು ಆರಿಸಿ ಕೊನೆಯ 5 ಸೆಕೆಂಡಿನವರೆಗೂ ನಿಲ್ಲಿ, ಇಲ್ಲವಾದರೆ ಶ್ಯಾಡೊ ಎಂಬ ಸಂಗಾತಿ ಶಾಶ್ವತವಾಗಿ ಹೋಗುತ್ತಾನೆ.

ಏಳರಲ್ಲಿ ಗೊಂದಲ ಹೆಚ್ಚು. 1997ರ ಮೂಲ ಒಂದು, 2020ರ ರಿಮೇಕ್ ಇನ್ನೊಂದು, 2024ರ ರೀಬರ್ತ್ ಅದರ ಮುಂದಿನ ಭಾಗ. ರಿಮೇಕಿನಲ್ಲಿರುವುದು ಮಿಡ್ಗಾರ್ ನಗರದ ಕಥೆ ಮಾತ್ರ, ಮೂಲದಲ್ಲಿ ಅದು ಕೆಲವೇ ಗಂಟೆಗಳ ಆರಂಭ. ಮೂಲ ಬಲ್ಲವರನ್ನು ಕೆಣಕಲೆಂದೇ ರಿಮೇಕಿನಲ್ಲಿ ಕಥೆ ತಿರುಚಿದ್ದಾರೆ, ಹಾಗಾಗಿ ಮೂಲವೇ ಮೊದಲು. ಎಂಟರಲ್ಲಿ ನಿಮ್ಮ ಲೆವೆಲ್ ಏರಿದಂತೆ ಶತ್ರುಗಳದ್ದೂ ಏರುತ್ತದೆ. ಬಲ ಬರುವುದು ಮಂತ್ರಗಳನ್ನು ಮೈಗೆ ಕಟ್ಟಿಕೊಳ್ಳುವ ಜಂಕ್ಷನ್‌ನಿಂದ. ಬೇರೆ ಗೇಮುಗಳ ಅಭ್ಯಾಸದಲ್ಲಿ ಸುಮ್ಮನೆ ಲೆವೆಲ್ ಏರಿಸುತ್ತ ಕೂತರೆ ಕಷ್ಟ ಹೆಚ್ಚುತ್ತದೆ. ಒಂಬತ್ತು ಮನಸ್ಸಿಗೆ ಹಿತ, ಯುದ್ಧ ನಿಧಾನ. ಹತ್ತು ನಡೆಯದಷ್ಟು ಹಳೆಯ ಲ್ಯಾಪ್‌ಟಾಪಿಗೆ ನಮ್ಮ ಎರಡನೆಯ ಆಯ್ಕೆ ಇದೇ.

ಹನ್ನೊಂದು ಮತ್ತು ಹದಿನಾಲ್ಕು ಆನ್‌ಲೈನ್. ಹದಿನಾಲ್ಕಕ್ಕೆ ಲೆವೆಲ್ 70ರವರೆಗೆ ಕಾಲಮಿತಿಯಿಲ್ಲದ ಉಚಿತ ಟ್ರಯಲ್ ಇದೆ, ಆದರೆ ನೆಟ್ ನಿಂತರೆ ಆಟವೂ ನಿಂತಿತು. ಒಮ್ಮೆ ದುಡ್ಡು ಕೊಟ್ಟು ಕೊಂಡ ಅಕೌಂಟ್ ಮತ್ತೆ ಟ್ರಯಲಿಗೆ ಮರಳುವುದಿಲ್ಲ. ಹನ್ನೆರಡು, ಹದಿಮೂರು, ಹದಿನೈದು, ಹದಿನಾರು ಆಮೇಲೆ ನೋಡಿದರಾಯಿತು.

ಗೈಡ್ ಹುಡುಕುವಾಗ

ಸಿಕ್ಕಿಕೊಂಡಾಗ ಗೈಡ್ ನೋಡುವುದು ತಪ್ಪಲ್ಲ, ಯಾವ ಆವೃತ್ತಿಯ ಗೈಡ್ ಎಂಬುದು ಮುಖ್ಯ. ಅಮೆರಿಕದಲ್ಲಿ ನಾಲ್ಕನೆಯದನ್ನು "ಎರಡು" ಎಂದೂ ಆರನೆಯದನ್ನು "ಮೂರು" ಎಂದೂ ಮಾರಿದ್ದರು, ಏಕೆಂದರೆ ಅಲ್ಲಿಗೆ ನಿಜವಾದ ಎರಡು, ಮೂರು, ಐದು ಆಗ ಹೋಗಿರಲಿಲ್ಲ. ಹಾಗಾಗಿ ಹಳೆಯ ಗೈಡಿನಲ್ಲಿ "ಎರಡು" ಎಂದಿದ್ದು ಸೆಸಿಲನ ಹೆಸರು ಕಂಡರೆ ಅದು ನಿಮ್ಮ ನಾಲ್ಕು. "ಮೂರು" ಎಂದಿದ್ದು ಟೆರ್ರಾ ಕಂಡರೆ ಆರು. ಹನ್ನೆರಡರ 2006ರ ಗೈಡುಗಳು ನಾಲ್ಕು ಪೆಟ್ಟಿಗೆ ಮುಟ್ಟಬೇಡಿ, ಮುಟ್ಟಿದರೆ ಜೋಡಿಯಾಕ್ ಸ್ಪಿಯರ್ ಎಂಬ ಈಟಿ ಹೋಯಿತು ಎಂದು ಹೆದರಿಸುತ್ತವೆ. ಈಗಿನ ಜೋಡಿಯಾಕ್ ಏಜ್ ಆವೃತ್ತಿಯಲ್ಲಿ ಆ ಶಾಪವಿಲ್ಲ, ಧೈರ್ಯವಾಗಿ ತೆರೆಯಿರಿ. ಒಂಬತ್ತರಲ್ಲಿ 12 ಗಂಟೆಯೊಳಗೆ ಕೊನೆ ತಲುಪಿದರೆ ಸಿಗುವ ಕತ್ತಿಯ ಬಗ್ಗೆ ಓದಿದರೆ ಓದಿ ಮರೆತುಬಿಡಿ, ಅದು ಹತ್ತು ಸಲ ಆಡಿದವರ ಶೋಕಿ.

ಎಲ್ಲ ಗೇಮಿಗೂ ಎರಡು ಸೇವ್ ಸ್ಲಾಟ್ ಇಡಿ, ಬದಲಿಸಿ ಬದಲಿಸಿ ಉಳಿಸಿ. ಬಾಸಿನ ಎದುರು ಒಂದೇ ಸೇವ್ ಇಟ್ಟುಕೊಂಡು, ಹಿಂದೆ ಹೋಗಿ ಮದ್ದು ಕೊಳ್ಳಲೂ ಆಗದೆ, ಮುಂದೆ ಗೆಲ್ಲಲೂ ಆಗದೆ ಸಿಕ್ಕಿಬೀಳುವ ಜಾಗಗಳು ಹಳೆಯ ಗೇಮುಗಳಲ್ಲಿವೆ. ಎಲಿಕ್ಸಿರ್‌ನಂಥ ದುಬಾರಿ ಮದ್ದನ್ನು ಕೊನೆಗೆ ಬೇಕೆಂದು ಕೂಡಿಡುವ ಗುಣ ನಮ್ಮವರಲ್ಲಿ ಜಾಸ್ತಿ. ಸೇಮೂರನಂಥವನ ಮುಂದೆ ಬಳಸದಿದ್ದರೆ ಇನ್ನೆಲ್ಲಿ?

ಹತ್ತು ಕೊಂಡವರಿಗೆ ಅದರ ಜೊತೆಯೇ ಎಕ್ಸ್-2 ಕೂಡ ಬರುತ್ತದೆ, ಲಾಂಚರಿನಲ್ಲಿ ಎರಡೂ ಅಕ್ಕಪಕ್ಕ ಕೂತಿರುತ್ತವೆ. ಹೊಸದು ಎಂದು ಎಕ್ಸ್-2 ಮೊದಲು ತೆರೆದರೆ ಹತ್ತನೆಯದರ ಕೊನೆ ಮೊದಲ ಹತ್ತು ನಿಮಿಷದಲ್ಲೇ ಬಯಲಾಗುತ್ತದೆ. ನಡುವೆ ಇರುವ ಎಟರ್ನಲ್ ಕಾಮ್ ಎಂಬುದು ಆಟವಲ್ಲ, ಎರಡರ ನಡುವಿನ ಚಿಕ್ಕ ವಿಡಿಯೊ. ಹತ್ತು ಮುಗಿಸಿ, ಆ ವಿಡಿಯೊ ನೋಡಿ, ಆಮೇಲೆ ಎಕ್ಸ್-2, ಎಲ್ಲಕ್ಕೂ ಕೊನೆಗೆ ಎಕ್ಸ್-2ರ ಜೊತೆಗೇ ಇರುವ ಲಾಸ್ಟ್ ಮಿಷನ್ ಎಂಬ ಹೆಚ್ಚುವರಿ ಭಾಗ.